ಅವನಿಗೆ ಕೇಳಿಸ್ತಿರಲಿಲ್ಲ, ನಾವು ಕೇಳಲಿಲ್ಲ

ಬಹಳ ದಿನ ಆಯ್ತು ಇಲ್ಲಿ ಏನೂ ಬರೆಯದೆ. ರಿಲೀಸು, ಸಪೋರ್ಟು, ರಾತ್ರಿ ಕಾಲ್ ಅಂತ ನೆಪ ಹೇಳಬಹುದು. ನಿಜ ಹೇಳ್ಬೇಕಂದ್ರೆ ಸೋಮಾರಿತನ :-) ಆದರೆ ಈ ವಿಷಯ ಮಾತ್ರ ಎರಡು ತಿಂಗಳಿಂದ ತಲೆಯಲ್ಲಿ ಕೊರೀತಾ ಇದೆ. ಬರೆದು ಮುಗಿಸಿದರೇನೇ ಸಮಾಧಾನ.

ವಿಷಯ ನನ್ನ ಅಕ್ಕನ ಮಗನದ್ದು. ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಹೆಸರು ಇಲ್ಲಿ ಬೇಡ, ಗುಂಡ್ಯಾ ಅಂತ ಇಟ್ಕೊಳ್ಳೋಣ. ಅಕ್ಕನನ್ನ ಕೊಟ್ಟಿರೋದು ಸವದತ್ತಿ ಕಡೆಯ ಒಂದು ಹಳ್ಳಿಗೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂತಂದ್ರೆ ಯಲ್ಲಮ್ಮನ ಗುಡ್ಡಕ್ಕೆ ಹೋಗೋ ಚಕ್ಕಡಿ, ಟ್ರ್ಯಾಕ್ಟರುಗಳು ಅವರ ಮನೆ ಮುಂದೇನೇ ಸಾಲುಗಟ್ಟಿ ಹಾಯ್ತವೆ. 'ಉಧೋ ಉಧೋ' ಕೂಗು ಕೇಳ್ತಾನೇ ಬೆಳೆಯೋ ಮಕ್ಕಳು ಅಲ್ಲಿಯವು.

ಒಂದಿನ ಅಕ್ಕನ ಫೋನು. ದನಿ ಅಳುವ ಹಾಗಿತ್ತು.

"ತಮ್ಮಾ, ಸಾಲ್ಯಾಗ ಇವನ್ನ ಕಳಸಬ್ಯಾಡ್ರಿ ಅಂದಾರ. ಕಂಪಾಸ್ ಪೆಟ್ಟಿಗಿ ಒಗದು ಬಾಜೂ ಹುಡುಗನ ಹಣಿ ಒಡದಾನ. ಮನ್ಯಾಗ ನೋಡಿದ್ರ ಕೈ ಕಚಗೊಂತಾನ, ತಲಿ ಗ್ವಾಡಿಗೆ ಬಡಕೊಂತಾನ. ನನಗ ಏನ್ ಮಾಡ್ಬೇಕಂತ ತಿಳೀವಲ್ದು."

ನಾಲ್ಕು ದಿನ ರಜೆ ಹಾಕಿ ಹೋದೆ. ಹೋದ ದಿನ ಸಂಜೆ ಕಟ್ಟೆ ಮೇಲೆ ಒಂದು ಸಭೆಯೇ ಸೇರಿತ್ತು ಅನ್ನಿ. ಮಾವ (ಅಕ್ಕನ ಗಂಡ) ಅಂದರು, "ಎರಡ್ ಸರಿಯಾಗಿ ಬಿಟ್ರ ದಾರಿಗೆ ಬರ್ತಾನ." ಅಕ್ಕನ ಅತ್ತೆ ಅಂದರು, "ಗುಡ್ಡಕ್ಕ ಹೊತ್ತ ಹರಕಿ ಇನ್ನೂ ಮುಟ್ಟಿಸಿಲ್ಲ, ಅದಕ್ಕ ತಾಯಿ ಕಾಡಾಕತ್ತಾಳ." ಮಗ್ಗುಲ ಮನೆಯವರು, "ಮೊಬೈಲ್ ನೋಡಿ ನೋಡಿ ತಲಿ ಕೆಟ್ಟೈತಿ." ಶಾಲೆಯವರ ಮಾತು, "ಮನ್ಯಾಗ ಮುದ್ದು ಭಾಳ ಮಾಡ್ಯಾರ." ಇನ್ನು ನಾನು? ಬಸ್ಸಲ್ಲಿ ಕೂತು ಇಂಟರ್ನೆಟ್ ಜಾಲಾಡಿ ದೊಡ್ಡ ದೊಡ್ಡ ಕಾಯಿಲೆಗಳ ಹೆಸರು ಕಲ್ತು ಬಂದಿದ್ದೆ. ನಾನೂ ಒಂದು ಒಗೆದೆ.

ಈಗ ಯೋಚಿಸಿದ್ರೆ ನಾಚಿಕೆ ಆಗುತ್ತೆ. ಐದು ಜನ, ಐದು ಉತ್ತರ. ಎಲ್ಲವೂ 'ಅವನು ಎಂಥವನು' ಅನ್ನೋದಕ್ಕೆ ಉತ್ತರ. ಅವನು ಯಾವಾಗ ಹಾಗೆ ಮಾಡ್ತಾನೆ ಅಂತ ಒಬ್ಬರೂ ಕೇಳಿರಲಿಲ್ಲ.

ರಾತ್ರಿ ಊಟ ಆದ ಮೇಲೆ ಅಕ್ಕನನ್ನ ಕೇಳಿದೆ, "ಅಕ್ಕಾ, ಯಾವಾಗ ಹಿಂಗ ಮಾಡ್ತಾನ ಅಂವ?"

"ಯಾವಾಗ್ಲೂ ಮಾಡ್ತಾನಪಾ!"

ನಮ್ಮ ಕೆಲಸದಲ್ಲಿ ಇರೋರಿಗೆ ಈ ಮಾತು ಚೆನ್ನಾಗಿ ಗೊತ್ತು. ಕಸ್ಟಮರ್ ಫೋನ್ ಮಾಡಿ 'ನಿಮ್ಮ ಸಾಫ್ಟ್‌ವೇರ್ ಯಾವಾಗ್ಲೂ ಹ್ಯಾಂಗ್ ಆಗುತ್ತೆ' ಅಂತಾರೆ. ಲಾಗ್ ತೆಗೆದು ನೋಡಿದರೆ ಯಾವಾಗ್ಲೂ ಅಲ್ಲ, ಶನಿವಾರ ಸಂಜೆ ರಿಪೋರ್ಟ್ ತೆಗೆದಾಗ ಮಾತ್ರ! ಮನುಷ್ಯರ ಮಗು ಸಾಫ್ಟ್‌ವೇರ್ ಅಲ್ಲ, ಒಪ್ಪಿದೆ. ಆದರೆ ಲಾಗ್ ಬರೆಯೋಕೆ ಅಡ್ಡಿ ಏನು?

ಅಕ್ಕನ ಹಾಲಿನ ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಮೂರು ಕಾಲಂ ಗೆರೆ ಎಳೆದೆ. ಮೊದಲು ಏನು ನಡೆದಿತ್ತು, ಅವನು ಏನು ಮಾಡಿದ, ಆಮೇಲೆ ನಾವು ಏನು ಮಾಡಿದ್ವಿ. ಒಂದೇ ಷರತ್ತು: ಕಣ್ಣಿಗೆ ಕಂಡಿದ್ದು, ಕಿವಿಗೆ ಕೇಳಿದ್ದು ಮಾತ್ರ ಬರೀಬೇಕು. 'ಸಿಟ್ಟು ಬಂತು', 'ಬೇಕಂತ ಮಾಡಿದ' ಅಂತೆಲ್ಲ ಬರೆಯೋ ಹಾಗಿಲ್ಲ. ನಾಲ್ಕು ದಿನ ನಾನು ಬರೆದೆ, ಮುಂದಿನ ಎಂಟು ದಿನ ಅಕ್ಕ ಬರೆದಳು. ಒಲೆ ಮುಂದೆ ಕೂತು, ರೊಟ್ಟಿ ಬಡಿಯೋದು ಬಿಟ್ಟು, ಹಿಟ್ಟಿನ ಕೈಯಲ್ಲೇ ಬರೆದಿದ್ದಾಳೆ. ಆ ಪುಟಗಳ ಮೇಲೆ ಜೋಳದ ಹಿಟ್ಟಿನ ಬೆರಳ ಗುರುತು ಇನ್ನೂ ಇವೆ.

ಹನ್ನೆರಡು ದಿನಕ್ಕೆ 19 ಸಲ. 'ಯಾವಾಗ್ಲೂ' ಅನ್ನೋದು ಅಲ್ಲೇ ಬಿದ್ದುಹೋಯ್ತು. ಆ 19ರಲ್ಲಿ 8 ಸಲ, ಯಾರೋ ಹಿಂದಿನಿಂದಲೋ ಪಡಸಾಲೆಯಿಂದಲೋ ಏನೋ ಹೇಳಿದ್ದಾರೆ, ಅವನು ಮಾಡಿಲ್ಲ, ಬೈದಿದ್ದಾರೆ, ಆಮೇಲೆ ರಂಪ. 6 ಸಲ ಮನೆಯಲ್ಲಿ ಉಕ್ತಲೇಖನ ಬರೆಸುವಾಗ. 3 ಸಲ ಅಕ್ಕ ಅಡುಗೆ ಮನೆಯಲ್ಲಿದ್ದಾಗ ಕೈ ಕಚ್ಚಿಕೊಂಡಿದ್ದು. ಉಳಿದ ಎರಡಕ್ಕೆ ಏನೂ ಸುಳಿವು ಸಿಗಲಿಲ್ಲ. ಇನ್ನೊಂದು ಸಂಗತಿ, ಅರ್ಧದಷ್ಟು ರಂಪ ನೆಗಡಿ ಇದ್ದ ಮೊದಲ ಮೂರೇ ದಿನದಲ್ಲಿ ಆಗಿತ್ತು.

ಈ ಪುಟಗಳನ್ನ ಓದಿ ಫೋನಿನಲ್ಲೇ ಕೇಳಿದೆ, "ಅಕ್ಕಾ, ಅವನ ಕಿವಿ ಹೆಂಗದಾವು?"

"ಕಿವಿ ಸೋರತಾವು ಬಿಡು, ಸಣ್ಣಂವ ಇದ್ದಾಗಿಂದ. ಬೆಳದಂಗ ಹೋಗತೈತಿ ಅಂದಾರ. ಬಳ್ಳೊಳ್ಳಿ ಎಣ್ಣಿ ಬಿಡ್ತೇವಿ."

ಕೇಳಿ ಐದು ನಿಮಿಷ ಸುಮ್ಮನೆ ಕೂತೆ. ತಲೆದಿಂಬಿನ ಮೇಲೆ ಕಲೆ ಎಲ್ಲರೂ ನೋಡಿದ್ದೇವೆ. ಟಿವಿ ಹತ್ತಿರ ಹೋಗಿ ಕೂರ್ತಾನೆ, ದನಿ ಜಾಸ್ತಿ ಮಾಡ್ತಾನೆ ಅಂತ ಎಲ್ಲರೂ ಬೈದಿದ್ದೇವೆ. ನಾನೂ ಬೈದಿದ್ದೇನೆ.

ಧಾರವಾಡದಲ್ಲಿ ಕಿವಿ ಡಾಕ್ಟರಿಗೆ ತೋರಿಸಿದ್ದಾಯ್ತು. ಎಡಗಿವಿಯ ತಮಟೆಯಲ್ಲಿ ತೂತು. ಬಲಗಿವಿಯ ತಮಟೆಯ ಹಿಂದೆ ನೀರು ನಿಂತಿದೆ. ಹೊಳೆಯಲ್ಲಿ ಮುಳುಗಿ ಈಜುವಾಗ ದಂಡೆ ಮೇಲಿನವರ ಮಾತು ಹೆಂಗೆ ಕೇಳುತ್ತೋ ಅವನಿಗೆ ಜಗತ್ತು ಹಾಗೆ ಕೇಳ್ತಿತ್ತು. ಯಾರೋ ಮಾತಾಡ್ತಿದಾರೆ ಅಂತ ತಿಳಿಯುತ್ತೆ, ಏನು ಅಂತ ತಿಳಿಯಲ್ಲ. ಅದರಲ್ಲೂ ಸ, ಶ, ತ, ಕ ಇಂಥ ಮೆತ್ತನೆ ಅಕ್ಷರಗಳು ಜಾರಿ ಹೋಗ್ತವೆ. ಗದ್ದಲ ಇದ್ದರಂತೂ ಮುಗೀತು. ಎಲ್ಲಕ್ಕಿಂತ ಮೋಸ ಏನಂದ್ರೆ, ಈ ಥರದ ಕಿವುಡು ದಿನಾ ಒಂದೇ ಸಮ ಇರಲ್ಲ. ನೆಗಡಿ ಬಂದರೆ ಹೆಚ್ಚು, ಹೋದರೆ ಕಡಿಮೆ. ನಿನ್ನೆ ಕರೆದಾಗ ತಿರುಗಿದವನು ಇವತ್ತು ತಿರುಗಲ್ಲ. ನೋಡಿದವರಿಗೆ ಏನನ್ಸುತ್ತೆ? 'ಬೇಕಾದಾಗ ಕೇಳ್ತೈತಿ, ಬ್ಯಾಡಾದಾಗ ಕೇಳಂಗಿಲ್ಲ!' ಹಠಮಾರಿ ಅನ್ನೋ ಪಟ್ಟ ಅಲ್ಲೇ ಸಿಕ್ಕಿಬಿಡುತ್ತೆ. ತಮಟೆ ತೂತಾಗಿರೋ ಕಿವಿಗೆ ಎಣ್ಣೆ ಬಿಡಲೇಬಾರದು ಅನ್ನೋದೂ ಆವತ್ತೇ ಗೊತ್ತಾಗಿದ್ದು. ದಯವಿಟ್ಟು ಇದನ್ನ ನಿಮ್ಮ ಊರಿನವರಿಗೂ ಹೇಳಿ.

ಕತೆ ಇಲ್ಲಿಗೇ ಮುಗಿದಿದ್ರೆ 'ಕಿವಿ ತೋರಿಸಿ' ಅಂತ ಒಂದು ಸಾಲು ಬರೆದು ಬಿಡ್ತಿದ್ದೆ. ಆದರೆ ನನ್ನ ತಲೆ ತಿರುಗಿಸಿದ್ದು ಮೂರನೇ ಕಾಲಂ.

ಉಕ್ತಲೇಖನದ ಆರಕ್ಕೆ ಆರೂ ಸಲ, ರಂಪದ ನಂತರ ಏನಾಗಿದೆ? ಪುಸ್ತಕ ಮುಚ್ಚಿದ್ದಾರೆ! ಶಾಲೆಯಲ್ಲೂ ಅದೇ. ಅಕ್ಕೋರು ಉಕ್ತಲೇಖನ ಹೇಳ್ತಾರೆ, ಇವನಿಗೆ ಕೇಳಿಸಲ್ಲ, ಪಕ್ಕದವನ ಪುಸ್ತಕ ಇಣುಕ್ತಾನೆ, ಅವನು ಮುಚ್ಕೊಳ್ತಾನೆ, ಕಂಪಾಸ್ ಹಾರುತ್ತೆ, 'ಹೊರಗ ನಿಂದರು ಹೋಗ!' ಅನ್ನೋ ಆರ್ಡರ್. ನಾವು ಅದನ್ನ ಶಿಕ್ಷೆ ಅಂದ್ಕೊಂಡಿದ್ವಿ. ಕೇಳಿಸದ ಹುಡುಗನಿಗೆ ನಲವತ್ತು ಮಕ್ಕಳ ಮುಂದೆ ದಡ್ಡ ಅನ್ನಿಸಿಕೊಳ್ಳೋದಕ್ಕಿಂತ ಹೊರಗೆ ಬೇವಿನ ಗಿಡದ ನೆರಳಲ್ಲಿ ನಿಲ್ಲೋದು ಸ್ವರ್ಗ. ಅಂದರೆ ನಾವು ಪ್ರತಿ ಸಲ ಅವನಿಗೆ ಬಹುಮಾನ ಕೊಡ್ತಾ ಇದ್ವಿ. ಕೈ ಕಚ್ಚಿಕೊಂಡಾಗ ಅಕ್ಕ ಒಲೆ ಬಿಟ್ಟು ಓಡಿಬಂದು ಶೇಂಗಾ ಉಂಡಿ ಕೊಟ್ಟು ತಬ್ಬಿಕೊಳ್ತಿದ್ದಳು. ಸುಮ್ಮನೆ ಕೂತು ಆಡ್ತಿದ್ದಾಗ ಯಾರೂ ಮಾತಾಡಿಸ್ತಿರಲಿಲ್ಲ, ಯಾಕಂದ್ರೆ 'ಅಂವ ಸುಮ್ನ ಅದಾನ, ಇರ್ಲಿ ಬಿಡು'.

ಅವನು ಲೆಕ್ಕಾಚಾರ ಹಾಕಿ ಹೀಗೆ ಮಾಡ್ತಿದ್ದ ಅಂತ ನಾನು ಹೇಳ್ತಿಲ್ಲ. ಯಾವ ಕೆಲಸದಿಂದ ಕಷ್ಟ ತಪ್ಪುತ್ತೋ, ಯಾವುದರಿಂದ ಅವ್ವ ಹತ್ತಿರ ಬರ್ತಾಳೋ, ಆ ಕೆಲಸ ತಾನಾಗಿಯೇ ರೂಢಿಗೆ ಬೀಳುತ್ತೆ. ನಮಗೂ ಅಷ್ಟೇ. ಮೀಟಿಂಗಲ್ಲಿ ಒಮ್ಮೆ ರೇಗಿದ ಮ್ಯಾನೇಜರ್‌ಗೆ ಎಲ್ಲರೂ ತಲೆ ಆಡಿಸಿದ್ರೆ ಮುಂದಿನ ಸಲವೂ ರೇಗ್ತಾನೆ. ಅವನನ್ನ ಹಠಮಾರಿ ಅಂತ ಯಾರೂ ಗುಡ್ಡಕ್ಕೆ ಕರ್ಕೊಂಡು ಹೋಗಲ್ಲ :-)

ಇದು ನನ್ನ ಸ್ವಂತ ಸಂಶೋಧನೆ ಏನಲ್ಲ. ಆಮೇಲೆ ಓದಿದಾಗ ಗೊತ್ತಾಯ್ತು, 1982ರಲ್ಲೇ ಅಮೆರಿಕದ ಬ್ರಯಾನ್ ಇವಾಟ ಮತ್ತವರ ಜೊತೆಗಾರರು, ತಮಗೆ ತಾವೇ ಹೊಡೆದುಕೊಳ್ಳೋ, ಕಚ್ಚಿಕೊಳ್ಳೋ ಒಂಬತ್ತು ಜನರನ್ನ ಬೇರೆ ಬೇರೆ ಸನ್ನಿವೇಶದಲ್ಲಿ ಕೂರಿಸಿ ನೋಡಿದ್ದರು. ಮೇಲ್ನೋಟಕ್ಕೆ ಎಲ್ಲರದ್ದೂ ಒಂದೇ ನಡತೆ, ಕಾರಣ ಮಾತ್ರ ಒಬ್ಬೊಬ್ಬರದು ಒಂದೊಂದು. ಒಬ್ಬರು ಕೆಲಸ ತಪ್ಪಿಸಿಕೊಳ್ಳೋಕೆ, ಇನ್ನೊಬ್ಬರು ಯಾರಾದ್ರೂ ಹತ್ತಿರ ಬರಲಿ ಅಂತ, ಮತ್ತೊಬ್ಬರಿಗೆ ಆ ಹೊಡೆತವೇ ಏನೋ ಒಂಥರಾ ಬೇಕಾಗಿತ್ತು. ಅಂದ ಮೇಲೆ ಎಲ್ಲರಿಗೂ ಒಂದೇ ಮದ್ದು ಹೆಂಗೆ ನಡೆದೀತು? ಮೂರು ವರ್ಷದ ನಂತರ, 1985ರಲ್ಲಿ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ ಇನ್ನೊಂದು ಹೆಜ್ಜೆ ಹೋದರು. ನಾಲ್ಕು ಮಕ್ಕಳಿಗೆ ರಂಪದ ಬದಲು ಆಡೋಕೆ ಒಂದು ಮಾತು ಕಲಿಸಿದರು. ಪಾಠ ಕಷ್ಟ ಆದವರಿಗೆ 'ನನಗೆ ತಿಳೀಲಿಲ್ಲ' ಅನ್ನೋದು, ಗಮನ ಬೇಕಾದವರಿಗೆ 'ನಾನು ಸರಿಯಾಗಿ ಮಾಡ್ತಿದೀನಾ' ಅನ್ನೋದು. ಕಾರಣಕ್ಕೆ ಹೊಂದುವ ಮಾತು ಕಲಿಸಿದಾಗ ರಂಪ ಇಳೀತು. ಹೊಂದದ ಮಾತು ಕಲಿಸಿದಾಗ ಇಳೀಲಿಲ್ಲ!

ನಾವೂ ಅದನ್ನೇ ಮಾಡಿದ್ವಿ. ಔಷಧಿ ಒಂದು ಕಡೆ ನಡೀತು. ಮನೆಯಲ್ಲಿ ಯಾರೇ ಆಗಲಿ ಅವನ ಎದುರಿಗೆ ಬಂದು, ಮುಖ ನೋಡಿಯೇ ಮಾತಾಡಬೇಕು ಅಂತ ಕಾನೂನು ಆಯ್ತು. "ಇನ್ನೊಮ್ಮೆ ಹೇಳ್ರಿ" ಅನ್ನೋದನ್ನ ಆಟದ ಹಾಗೆ ದಿನಾ ಅಭ್ಯಾಸ ಮಾಡಿಸಿದ್ವಿ. ಅವನು ಕೇಳಿದಾಗೆಲ್ಲ ಬೇಸರ ಮಾಡ್ಕೊಳ್ಳದೆ ಇನ್ನೊಮ್ಮೆ ಹೇಳೋದು ನಮ್ಮ ಪಾಲಿನ ಅಭ್ಯಾಸ. ಶಾಲೆಯಲ್ಲಿ ಮಾತಾಡಿ ಮುಂದಿನ ಸಾಲಲ್ಲಿ ಕೂರಿಸಿದರು, ಉಕ್ತಲೇಖನದ ಐದು ಶಬ್ದ ಹಲಗೆ ಮೇಲೆ ಮೊದಲೇ ಬರೆದು ತೋರಿಸಿದರು. ಅಕ್ಕ ಅಡುಗೆ ಮಾಡುವಾಗ ಅವನನ್ನ ಪಕ್ಕದಲ್ಲೇ ಕೂರಿಸಿಕೊಂಡು ಬಳ್ಳೊಳ್ಳಿ ಬಿಡಿಸೋ ಕೆಲಸ ಕೊಟ್ಟಳು. ಕೈ ಕಚ್ಚಿಕೊಳ್ಳೋ ಮೊದಲೇ ಉಂಡಿ, ಮಾತು ಎರಡೂ ಸಿಕ್ತು. ರಂಪ ಮಾಡಿದರೆ ಪುಸ್ತಕ ಮುಚ್ಚೋ ಹಾಗಿಲ್ಲ. ಒಂದು ಶಬ್ದ, ಒಂದೇ ಒಂದು ಶಬ್ದ ಬರೆದು ಏಳೋದು.

ಮೊದಲ ವಾರ ಏನಾಯ್ತು ಗೊತ್ತಾ? ರಂಪ ಜಾಸ್ತಿ ಆಯ್ತು!! ಮಾವ ಅಂದರು, "ನಿನ್ನ ಇಂಜಿನಿಯರಿಂಗ್ ಸಾಕ ಮಾಡಪಾ, ನಾ ಬಡಗಿ ತಗೋತೇನಿ." ಇದು ಹೀಗೇ ಆಗುತ್ತಂತೆ. ಇಷ್ಟು ದಿನ ಕೆಲಸ ಮಾಡ್ತಿದ್ದ ಉಪಾಯ ಒಮ್ಮೆಲೆ ನಡೆಯದೇ ಹೋದರೆ ಯಾರೇ ಆಗಲಿ ಅದನ್ನೇ ಜೋರಾಗಿ ಮಾಡ್ತಾರೆ. ಲಿಫ್ಟ್ ಬರಲಿಲ್ಲ ಅಂತ ನಾವು ಗುಂಡಿಯನ್ನ ಹತ್ತು ಸಲ ಒತ್ತೋದಿಲ್ವಾ? ಹಾಗೆ. ಹೆಚ್ಚಿನ ತಂದೆ ತಾಯಿ ಸೋಲೋದು ಇಲ್ಲೇ. 'ಪ್ರೀತಿಯಿಂದ ಹೇಳಿ ನೋಡಿದ್ವಿ, ಆಗಲಿಲ್ಲ' ಅಂತ ಬಡಿಗೆಗೆ ವಾಪಸ್ ಹೋಗ್ತಾರೆ.

'ಹಾಗಾದ್ರೆ ಶಿಸ್ತು ಬೇಡವಾ? ನಾವೆಲ್ಲ ಹೊಡೆತ ತಿಂದೇ ಬೆಳೆದವರಲ್ವಾ?' ಅಂತ ಕೆಲವರು ಕೇಳಬಹುದು. ನನ್ನ ಅಭಿಪ್ರಾಯ ಇಷ್ಟೇ. ಕಾರಣ ತಿಳ್ಕೊಳ್ಳೋದು ಅಂದರೆ ತಪ್ಪನ್ನ ಮಾಫಿ ಮಾಡೋದಲ್ಲ. ಹಣೆ ಒಡೆದುಕೊಂಡ ಆ ಇನ್ನೊಬ್ಬ ಹುಡುಗನಿಗೂ ನೋವಾಗಿದೆ. ಗುಂಡ್ಯಾನನ್ನ ಅವರ ಮನೆಗೆ ಕರ್ಕೊಂಡು ಹೋಗಿ ತಪ್ಪಾಯ್ತು ಅನ್ನಿಸಿದ್ದೂ ಆಯ್ತು. ಆದರೆ ಹೊಡೆತ 'ಏನು ಮಾಡಬಾರದು' ಅಂತ ಹೇಳುತ್ತೆ, 'ಏನು ಮಾಡಬೇಕು' ಅಂತ ಹೇಳಲ್ಲ. ಕೇಳಿಸದ ಹುಡುಗನಿಗೆ ಎಷ್ಟು ಹೊಡೆದರೂ ಕೇಳಿಸಲ್ಲ.

ಕಾನೂನೂ ಇದನ್ನ ಹೇಳುತ್ತೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಶಾಲೆಯಲ್ಲಿ ಹೊಡೆಯೋ ಹಾಗಿಲ್ಲ, ಮಾನಸಿಕ ಹಿಂಸೆಯೂ ಕೂಡದು. 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯೋ ತನಕ ಮಗುವನ್ನ ಶಾಲೆಯಿಂದ ಹೊರಗೆ ಹಾಕೋ ಹಾಗಿಲ್ಲ. ಆದರೆ ನಲವತ್ತು ಮಕ್ಕಳನ್ನ ಒಬ್ಬರೇ ಸಂಭಾಳಿಸೋ ಅಕ್ಕೋರಿಗೆ 'ಇದು ಮಾಡಬೇಡಿ' ಅಂತ ಮಾತ್ರ ಹೇಳಿದರೆ ಸಾಕಾ? ನಾವು ಮಕ್ಕಳಿಗೆ ಮಾಡೋ ತಪ್ಪನ್ನೇ ಸರ್ಕಾರ ಮಾಸ್ತರರಿಗೆ ಮಾಡ್ತಿದೆ ಅನ್ಸುತ್ತೆ. ಬಡಿಗೆ ಕಸಿದುಕೊಂಡ ಕೈಗೆ ಬೇರೆ ಏನಾದ್ರೂ ಕೊಡಬೇಕಲ್ಲ? ಮೂರು ಕಾಲಮ್ಮಿನ ಒಂದು ಹಾಳೆ ತುಂಬೋದನ್ನ ಕಲಿಸಿದ್ದರೂ ಸಾಕಿತ್ತು.

ಕಾರಣ ತಪ್ಪಾಗಿ ತಿಳ್ಕೊಂಡರೆ ಎಷ್ಟು ದೊಡ್ಡ ಬೆಲೆ ತೆರಬೇಕು ಅನ್ನೋದು ನಮ್ಮ ಸೀಮೆಯವರಿಗೆ ಬೇರೆ ಹೇಳಬೇಕಾಗಿಲ್ಲ. ಹುಡುಗಿಯ ಕೂದಲು ಗಂಟು ಕಟ್ಟಿ ಜಡೆ ಆಯ್ತಂದ್ರೆ ಅದು ಎಲ್ಲವ್ವನ ಕರೆ ಅಂತಿದ್ರು. ಕೂದಲು ತೊಳೆಯದೆ, ಬಾಚದೆ ಇದ್ದರೆ ಸಿಕ್ಕಾಗುತ್ತೆ. ಸಿಕ್ಕು ಕಂಡ ಕೂಡಲೇ ಹೆದರಿ ಬಾಚಣಿಗೆ ಬಿಟ್ಟು ಭಂಡಾರ ಹಚ್ಚಿದರೆ ಅದು ಇನ್ನೂ ಗಟ್ಟಿಯಾಗುತ್ತೆ. ಅಷ್ಟಕ್ಕೇ ಎಷ್ಟು ಹೆಣ್ಣುಮಕ್ಕಳನ್ನ ದೇವರಿಗೆ ಬಿಟ್ಟರು! ಆ ಪದ್ಧತಿಗೆ ಬಡತನ, ಜಾತಿ ಅಂತ ಇನ್ನೂ ಆಳದ ಕಾರಣಗಳಿದ್ದವು, ನಿಜ. ಕರ್ನಾಟಕ ಸರ್ಕಾರ 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಯನ್ನೇ ತರಬೇಕಾಯ್ತು. ಒಂದು ಬಾಚಣಿಗೆಯಲ್ಲಿ ಮುಗಿಯಬೇಕಾದ ಸಿಕ್ಕಿಗೆ ದೇವರ ಹೆಸರು ಇಟ್ಟಿದ್ದರಿಂದ ಒಂದಿಡೀ ಜೀವನ ಹೋಗ್ತಿತ್ತು. ಗುಂಡ್ಯಾನಿಗೂ ತಾಯಿತ ಕಟ್ಟಿ, ಹರಕೆ ಮುಟ್ಟಿಸಿ ಕೈ ತೊಳ್ಕೊಂಡಿದ್ರೆ? ಇನ್ನೆರಡು ವರ್ಷಕ್ಕೆ ಶಾಲೆ ಬಿಟ್ಟು ಕುರಿ ಹಿಂದೆ ಹೋಗ್ತಿದ್ದ, ಮತ್ತೆ ಊರೆಲ್ಲ 'ಮೊದಲಿಂದ ಅಂವ ಹಂಗ' ಅಂತಿತ್ತು.

ಎಲ್ಲ ಮಕ್ಕಳಿಗೂ ಕಿವಿಯೇ ಕಾರಣ ಅಂತ ಖಂಡಿತ ಹೇಳ್ತಿಲ್ಲ. ಕಣ್ಣು ಇರಬಹುದು, ಹಸಿವು ಇರಬಹುದು, ಮನೆಯ ಜಗಳ ಇರಬಹುದು, ಯಾರೋ ಕಾಟ ಕೊಡ್ತಿರಬಹುದು, ಆಟಿಸಂ ಇರಬಹುದು. ನೋಟ್‌ಬುಕ್ ಡಾಕ್ಟರಲ್ಲ. ಇದ್ದಕ್ಕಿದ್ದಂತೆ ಮಗುವಿನ ನಡತೆ ಬದಲಾದರೆ, ತನಗೋ ಬೇರೆಯವರಿಗೋ ಪೆಟ್ಟು ಮಾಡಿಕೊಳ್ತಿದ್ದರೆ ಕಾಲಂ ತುಂಬ್ತಾ ಕೂರದೆ ಮೊದಲು ಡಾಕ್ಟರ ಹತ್ತಿರ ಹೋಗಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸರ್ಕಾರಿ ಶಾಲೆಗೆ ವರ್ಷಕ್ಕೊಮ್ಮೆ, ಅಂಗನವಾಡಿಗೆ ಎರಡು ಸಲ ಆರೋಗ್ಯ ತಂಡ ಬಂದು ತಪಾಸಣೆ ಮಾಡಬೇಕು. ಕಿವಿಯ ದೋಷವೂ ಅದರ ಪಟ್ಟಿಯಲ್ಲಿದೆ. ತಂಡ ಬಂದ ದಿನ ಮಗು ಶಾಲೆ ತಪ್ಪಿಸದಂತೆ ನೋಡಿಕೊಳ್ಳಿ. ಮನಸ್ಸಿಗೆ ಸಂಬಂಧಿಸಿದ್ದಕ್ಕೆ ನಮ್ಮ ಕಡೆಯವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಮಾತು, ಕಿವಿಗೆ ಸಂಬಂಧಿಸಿದ್ದಕ್ಕೆ ಮೈಸೂರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಮಕ್ಕಳ ಕಿವುಡುತನದಲ್ಲಿ ಹತ್ತಿರ ಹತ್ತಿರ 60 ಪರ್ಸೆಂಟ್ ತಡೆಯಬಹುದಾದ ಕಾರಣಗಳಿಂದ ಬರೋದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರ ತನ್ನ ವರದಿಯಲ್ಲಿ ಹೇಳಿದೆ. ಅರ್ಧಕ್ಕಿಂತ ಹೆಚ್ಚು!

ಕೊನೆಗೆ ಗುಡ್ಡದ ಮಾತು. ಅಕ್ಕನ ಅತ್ತೆಯ ಮನಸ್ಸು ನೋಯಿಸೋದು ಬೇಡ ಅಂತ ಹರಕೆ ಮುಟ್ಟಿಸೋಕೆ ನಾನೂ ಹೋಗಿದ್ದೆ. ಅಲ್ಲಿ ಕೂತಾಗ ಸಣ್ಣವನಿದ್ದಾಗ ಕೇಳಿದ ಕತೆ ನೆನಪಾಯ್ತು. ರೇಣುಕೆ ನೀರು ತರೋದು ಒಂದಿನ ತಪ್ಪಿತು. ಜಮದಗ್ನಿ ಯಾಕೆ ಅಂತ ಕೇಳಲಿಲ್ಲ, ಸಿಟ್ಟಿಗೆದ್ದು ಶಾಪ ಕೊಟ್ಟ. ಮೈಯೆಲ್ಲ ಹುಣ್ಣಾಗಿ ಅಲೆಯುತ್ತಿದ್ದ ಅವಳನ್ನ ಎಕ್ಕಯ್ಯ, ಜೋಗಯ್ಯ ಕಂಡರು. ನೀನು ಏನು ತಪ್ಪು ಮಾಡಿದೆ ಅಂತ ಅವರು ವಿಚಾರಣೆ ಮಾಡಲಿಲ್ಲ. ಹುಣ್ಣು ನೋಡಿದರು, ತೊಳೆದರು, ಮದ್ದು ಮಾಡಿದರು. ಜೋಗುಳಬಾವಿಯಲ್ಲಿ ಜನ ಇವತ್ತಿಗೂ ಸ್ನಾನ ಮಾಡೋದು ಅದರ ನೆನಪಿಗೇ. ಅತ್ತೆಗೆ ಇದನ್ನೇ ಹೇಳಿದೆ, "ಅತ್ತಿ, ಕಿವಿ ಡಾಕ್ಟರ್ ಕಡೆ ಹೋಗೂದು ತಾಯಿಗೆ ವಿರುದ್ಧ ಅಲ್ಲರಿ, ಎಕ್ಕಯ್ಯ ಜೋಗಯ್ಯ ಮಾಡಿದ್ದೂ ಅದ ಕೆಲಸ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಖರೇ ಐತಿ ನೋಡಪಾ" ಅಂದರು. ಈಗ ಗುಂಡ್ಯಾನ ಕಿವಿಗೆ ನೀರು ಹೋಗದಂತೆ ಹತ್ತಿ ಇಟ್ಟು ಸ್ನಾನ ಮಾಡಿಸೋರು ಅವರೇ.

ಗುಂಡ್ಯಾ ಪೂರ್ತಿ ಸರಿಹೋದ ಅಂತ ಸಿನಿಮಾ ಥರ ಮುಗಿಸೋಕೆ ಆಗಲ್ಲ. ಎಡಗಿವಿಗೆ ಆಪರೇಷನ್ ಬೇಕಾಗಬಹುದು ಅಂದಿದ್ದಾರೆ. ಹೋದ ವಾರವೂ ಒಮ್ಮೆ ಕೈ ಕಚ್ಚಿಕೊಂಡನಂತೆ. ಆದರೆ ಕಂಪಾಸ್ ಹಾರಿಲ್ಲ, ಶಾಲೆಗೆ ದಿನಾ ಹೋಗ್ತಿದ್ದಾನೆ. ಮೊನ್ನೆ ಫೋನಿನಲ್ಲಿ ನಾನು ಏನೋ ಗಡಿಬಿಡಿಯಲ್ಲಿ ಹೇಳ್ತಿದ್ದೆ, ನಡುವೆ ತಡೆದು ಅಂದ, "ಮಾಮಾ, ಇನ್ನೊಮ್ಮೆ ಹೇಳು."

ಹೇಳಿದೆ. ಎರಡು ಸಲ ಹೇಳಿದೆ.

ನಿಮ್ಮ ಮನೆಯಲ್ಲೋ ಶಾಲೆಯಲ್ಲೋ ಇಂಥ 'ಹಠಮಾರಿ'ಗಳು ಇದ್ದರೆ, ಕಾರಣ ಕೊನೆಗೆ ಏನಿತ್ತು ಅಂತ ಕಮೆಂಟಲ್ಲಿ ಬರೀರಿ. ಮಾಸ್ತರರು, ಅಕ್ಕೋರು ಯಾರಾದ್ರೂ ಓದ್ತಿದ್ದರೆ ನಿಮ್ಮ ಕಡೆಯ ಕಷ್ಟವನ್ನೂ ಬರೀರಿ. ನಾನು ಕೇಳಿಸಿಕೊಳ್ತೀನಿ.